ಹಚ್ಚೆ ಹಾಕಿದ ಕೈ

ಸಾವಂತ್ರಮ್ಮನ ಎಡಗೈಗೆ ಹಚ್ಚೆ ಹಾಕಿಸಿದ್ದು ಅವಳ ಅಜ್ಜಿ. ಮಣಿಕಟ್ಟಿನ ಸುತ್ತ ಒತ್ತೊತ್ತಾಗಿ ಚುಕ್ಕಿ, ಅದರ ಮೇಲೊಂದು ಚೇಳು, ಚೇಳಿನ ಮೇಲೊಂದು ತೊಟ್ಟಿಲು, ಹೀಗೆ ಮೊಣಕೈವರೆಗೂ ಹಸಿರೋ ಹಸಿರು. ಬಲಗೈಗೂ ಹಾಕಿಸುವ ಮಾತಾಗಿತ್ತಂತೆ. ಆದರೆ ಎಡಗೈ ಮುಗಿಯುವಷ್ಟರಲ್ಲಿ ಹುಡುಗಿ ಊರು ಒಂದು ಮಾಡುವಂತೆ ಅತ್ತು ಹಿತ್ತಿಲಿಗೆ ಓಡಿದಳು, ಹಚ್ಚೆಯವಳು ಸೆರಗಿಗೆ ಅಕ್ಕಿ ಕಟ್ಟಿಕೊಂಡು ತನ್ನ ದಾರಿ ಹಿಡಿದಳು. ಹೀಗಾಗಿ ಒಂದು ಕೈ ತುಂಬಿತ್ತು, ಇನ್ನೊಂದು ಬರಿದಾಗಿ ಉಳಿಯಿತು. ಇಷ್ಟು ವರ್ಷ ಅದರಿಂದ ಯಾರ ಗಂಟೂ ಹೋಗಿರಲಿಲ್ಲ. ತಂಟೆ ಶುರುವಾದದ್ದು ಸೊಸೆ ಅರುಣಾ ವಾಚು ತಂದಮೇಲೆ.

ಅದು ಬರೀ ಹೊತ್ತು ತೋರಿಸುವ ವಾಚಲ್ಲ. ಅದರ ತಳದಲ್ಲೊಂದು ಹಸಿರು ದೀಪ ಮಿಣುಕುತ್ತಿತ್ತು. ಆ ಬೆಳಕು ಚರ್ಮದೊಳಗೆ ಇಳಿದು, ರಕ್ತದ ಓಟ ನೋಡಿ, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂದು ಹೇಳುತ್ತಿತ್ತು. ಹೇಳಿದ್ದನ್ನು ಸಾವಂತ್ರಮ್ಮನ ಫೋನಿಗೆ, ಅಲ್ಲಿಂದ ಅರುಣಾಳ ಫೋನಿಗೆ ದಾಟಿಸುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಹೊನ್ನಾಳಿ ಸಂತೆಯಲ್ಲಿ ಸಾವಂತ್ರಮ್ಮ ತಲೆಸುತ್ತಿ ಕುಸಿದಿದ್ದಳು. ಶಿವಮೊಗ್ಗದ ಹೃದಯದ ಡಾಕ್ಟರು ಪರೀಕ್ಷೆ ಮಾಡಿ, ಎದೆಬಡಿತ ಆಗಾಗ ತಾಳ ತಪ್ಪುತ್ತಿದೆ ಎಂದರು. ಮಾತ್ರೆ ಬಿಡಬಾರದು, ದಿನವೂ ನಡೆಯಬೇಕು, ಬಡಿತದ ಮೇಲೆ ಕಣ್ಣಿಟ್ಟಿರಬೇಕು. ಸುಮ್ಮನೆ ಕೂತಾಗಲೂ ಅದು ನೂರಿಪ್ಪತ್ತು ದಾಟಿ ಇಳಿಯದೇ ಹೋದರೆ ಅವತ್ತೇ ಬರಬೇಕು, ನಾಳೆ ಅನ್ನಬಾರದು.

ಆ 'ನಾಳೆ ಅನ್ನಬಾರದು' ಎಂಬ ಮಾತು ಅರುಣಾಳ ಎದೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಅವಳ ತವರು ಜಗಳೂರು. ಅವಳ ತಾಯಿ ಎದೆ ಉರಿ ಎಂದು ಮಲಗಿದ್ದಾಗ ಮನೆಯವರೆಲ್ಲ ಸೇರಿ ಬೆಳಿಗ್ಗೆ ನೋಡೋಣ ಅಂದಿದ್ದರು. ತಾಯಿ ಆ ಬೆಳಿಗ್ಗೆಯನ್ನು ನೋಡಲಿಲ್ಲ. ಮದುವೆಯಾಗಿ ಹೊನ್ನಾಳಿಗೆ ಬಂದ ಹೊಸತರಲ್ಲಿ ಅರುಣಾ ನಿದ್ದೆಯಲ್ಲಿ ಅಳುತ್ತಿದ್ದಾಗ, ಬೆಳಗಾದ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟಿ, ಏನೂ ಕೇಳದೆ ಜಡೆ ಹಾಕಿದವಳು ಸಾವಂತ್ರಮ್ಮ. ಅತ್ತೆ ಅಂದರೆ ಅರುಣಾಳಿಗೆ ಎರಡನೇ ಸಲ ಸಿಕ್ಕ ತಾಯಿ. ಎರಡನೇ ಸಲ ಸಿಕ್ಕಿದ್ದನ್ನು ಕಳೆದುಕೊಳ್ಳುವ ಭಯ ಮೊದಲನೆಯದಕ್ಕಿಂತ ಹೆಚ್ಚು.

ವಾಚನ್ನು ಎಲ್ಲರೂ ಕಟ್ಟುವಂತೆ ಎಡಗೈಗೆ ಕಟ್ಟಿದರು. ಮಾರನೆಯ ದಿನವೇ ಅದು ನೂರ ತೊಂಬತ್ತು ತೋರಿಸಿತು. ಅರುಣಾಳ ಜೀವ ಬಾಯಿಗೆ ಬಂತು. ಗಂಡ ಕಲ್ಲೇಶ್ ಗೆಳೆಯ ಪರಶುರಾಮನ ಕಾರು ತಂದು ಅವ್ವನನ್ನು ಶಿವಮೊಗ್ಗಕ್ಕೆ ಹಾರಿಸಿಕೊಂಡು ಹೋದ. ಅಲ್ಲಿ ಇಸಿಜಿ ತೆಗೆದರೆ ಎಲ್ಲ ಸರಿಯಾಗಿತ್ತು. ತೆಗೆದ ಹುಡುಗಿ ಸಾವಂತ್ರಮ್ಮನ ಮಣಿಕಟ್ಟು ನೋಡಿ ನಕ್ಕಳು. ಹಚ್ಚೆಯ ಬಣ್ಣ ಬೆಳಕನ್ನು ಒಳಗೆ ಬಿಡುವುದಿಲ್ಲ, ಈ ಕೈಯಲ್ಲಿ ಲೆಕ್ಕ ಹುಚ್ಚಾಪಟ್ಟೆ ಬರುತ್ತದೆ, ಬರಿಗೈಗೆ ಕಟ್ಟಿ ಎಂದಳು.

ಬಲಗೈಗೆ ಕಟ್ಟಿದ ಮೇಲೆ ವಾಚು ಸಾಧುವಾಯಿತು. ಆದರೆ ಬಲಗೈ ಉಣ್ಣುವ ಕೈ, ರೊಟ್ಟಿ ತಟ್ಟುವ ಕೈ, ದೇವರಿಗೆ ಹೂ ಏರಿಸುವ ಕೈ. ಆ ಕೈಗೆ ರಬ್ಬರಿನ ಪಟ್ಟಿ ಕಟ್ಟಿಕೊಂಡು ತುತ್ತು ಎತ್ತುವುದೆಂದರೆ ಸಾವಂತ್ರಮ್ಮನಿಗೆ ಒಗ್ಗದು. ಊಟಕ್ಕೆ ಮುಂಚೆ ಬಿಚ್ಚುವಳು, ಕಳೆದೀತೆಂದು ಎಡಗೈಗೆ ಕಟ್ಟುವಳು, ಆಮೇಲೆ ಮರೆಯುವಳು. ಹಾಗೆ ಮರೆತ ಒಂದು ಮಧ್ಯಾಹ್ನ ಅರುಣಾಳ ಫೋನು ಮತ್ತೆ ಬಡಿದುಕೊಂಡಿತು, ಕೆಲಸದ ಮೇಲೆ ನ್ಯಾಮತಿಯಲ್ಲಿದ್ದ ಅರುಣಾ ಆಂಬುಲೆನ್ಸಿಗೆ ಫೋನು ಮಾಡಿ ತಾನೂ ಊರಿಗೆ ಓಡಿದಳು. ಅದು ಕೂಗುತ್ತ ಓಣಿಗೆ ಬಂದಾಗ ಸಾವಂತ್ರಮ್ಮ ಬಾಗಿಲಲ್ಲಿ ಮೊಸರನ್ನದ ಕೈಯಲ್ಲೇ ನಿಂತು ಯಾರಿಗೇನಾಯಿತು ಎಂದು ಕೇಳುತ್ತಿದ್ದಳು. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು ಅರುಣಾಳಿಗೆ.

ಕಲ್ಲೇಶ್ ಕೆಟ್ಟವನಲ್ಲ, ಆದರೆ ನಾಲ್ಕು ಜನ ನಕ್ಕರೆ ಅವನ ಬುದ್ಧಿ ಕೈಕೊಡುತ್ತದೆ. ಜನರ ಮುಂದೆಯೇ ಹೆಂಡತಿಯ ಮೇಲೆ ಹರಿಹಾಯ್ದ. "ಇನ್ನೊಂದು ಸಲ ಹಿಂಗಾದ್ರೆ ನ್ಯಾಮತಿಗೆ ಹೋಗಿ ಪಾಠ ಮಾಡಿದ್ದು ಸಾಕು. ಕೆಲಸ ಬಿಟ್ಟು ಮನೆಯಾಗೆ ಕೂತ್ಕೊಂಡು ಅವ್ವನ ಕೈ ಹಿಡ್ಕೊಂಡಿರು," ಅಂದ. ಅರುಣಾ ನ್ಯಾಮತಿಯ ಶಾಲೆಯೊಂದರಲ್ಲಿ ಟೀಚರು. ಮಕ್ಕಳಿಲ್ಲದ ಮನೆಯಲ್ಲಿ ಆ ಶಾಲೆಯೇ ಅವಳ ಉಸಿರು. ಗಂಡನ ಮಾತಿಗೆ ಅವಳು ಅಳಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆದಳು. ಮೊಸರನ್ನದ ಕೈ ಒಣಗುವವರೆಗೂ ಸಾವಂತ್ರಮ್ಮ ಬಾಗಿಲಲ್ಲೇ ನಿಂತಿದ್ದಳು.

ಅಂದಿನಿಂದ ಮನೆಗೊಂದು ಕಾನೂನಾಯಿತು. ವಾಚು ಏನೇ ಹೇಳಲಿ, ಮೊದಲು ಯಾವ ಕೈ ಎಂದು ಕೇಳಬೇಕು. ಓಣಿಯವರಿಗೂ ಅದೇ ತಮಾಷೆ. ಊಟವಾಯಿತಾ ಎಂದು ಕೇಳುತ್ತಿದ್ದವರು ಈಗ ಇವತ್ತು ಯಾವ ಕೈ ಟೀಚರೇ ಎಂದು ಕೇಳುತ್ತಿದ್ದರು.

ಹಾಗೆಂದು ವಾಚಿನಿಂದ ಒಳ್ಳೆಯದಾಗಲಿಲ್ಲ ಎನ್ನುವಂತಿಲ್ಲ. ಸಾವಂತ್ರಮ್ಮ ದಿನವೂ ಬೆಳಿಗ್ಗೆ ತುಂಗಭದ್ರೆಯ ದಂಡೆವರೆಗೆ ನಡೆದಳು. ಮೊದಮೊದಲು ನಾಲ್ಕು ಹೆಜ್ಜೆಗೇ ಬಡಿತ ಏರುತ್ತಿತ್ತು, ನಿಂತು ಸುಧಾರಿಸಿಕೊಳ್ಳಬೇಕಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಅದೇ ದಾರಿ ಮಾತಾಡುತ್ತ ಮುಗಿಯತೊಡಗಿತು, ಕೂತಾಗಿನ ಬಡಿತ ಎಪ್ಪತ್ತರ ಆಸುಪಾಸಿಗೆ ಇಳಿಯಿತು. ದಂಡೆಯಲ್ಲಿ ಬಟ್ಟೆ ಒಗೆಯುವವರಿಗೆಲ್ಲ ಕೈ ತೋರಿಸಿ, ನಂದು ಎಪ್ಪತ್ತೆರಡು, ನಿಮ್ಮದೆಷ್ಟು ಎಂದು ಕೇಳುವಷ್ಟು ಜಂಬ ಬಂತು. ಶಿವಮೊಗ್ಗದ ಡಾಕ್ಟರೂ ಮೆಚ್ಚಿದರು. ಅರುಣಾ ಕೂಡ ಬಸ್ಸಿನಲ್ಲಿ ಕಣ್ಣು ಮುಚ್ಚುವುದನ್ನು ಕಲಿತಳು.

ಈ ವಾರ ಶಾಲೆಯಲ್ಲಿ ವಾರ್ಷಿಕೋತ್ಸವದ ಗಡಿಬಿಡಿ. ಮಕ್ಕಳ ಕುಣಿತವೆಲ್ಲ ಅರುಣಾಳ ತಲೆಯ ಮೇಲೆ. ಸೋಮವಾರ ಬೆಳಿಗ್ಗೆ ಅವಳು ಹೊರಡುವಾಗ ಸಾವಂತ್ರಮ್ಮ ವಾಚನ್ನು ಎಡಗೈಗೆ ಕಟ್ಟಿಕೊಂಡಿದ್ದಳು. ಕೇಳಿದ್ದಕ್ಕೆ, ಬಲಗೈ ಪಟ್ಟಿಯಡಿ ತುರಿಸುತ್ತಿದೆ, ಎರಡು ದಿನ ಗಾಳಿಯಾಡಲಿ ಎಂದಳು. ಬೆವರಿಗೆ ಹಾಗಾಗುವುದುಂಟು. ಮಧ್ಯಾಹ್ನ ಫೋನು ನೋಡಿದರೆ ಬಡಿತ ಒಮ್ಮೆ ಐವತ್ತು, ಒಮ್ಮೆ ನೂರ ಎಂಬತ್ತು. ಸಂಜೆ ಮನೆಗೆ ಬಂದ ಅರುಣಾ, ಅತ್ತೆ ನಿಮ್ಮ ಚೇಳು ಕುಣೀತೈತೆ ಎಂದು ನಕ್ಕಳು. ಅತ್ತೆಯೂ ನಕ್ಕಳು. ಪದೇ ಪದೇ ಕೂಗಿ ತಲೆ ತಿನ್ನುತ್ತದೆಂದು ಅರುಣಾ ತನ್ನ ಫೋನಿನಲ್ಲಿ ವಾಚಿನ ಸದ್ದನ್ನೇ ಆರಿಸಿಬಿಟ್ಟಳು. ಮಂಗಳವಾರವೂ ಎಡಗೈ, ಬುಧವಾರವೂ ಎಡಗೈ.

ಗುರುವಾರ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಪ್ರಮೀಳಾ ಸಿಕ್ಕಳು. ಆ ಮಾತು ಈ ಮಾತು ಆಡುತ್ತ, ನಿಮ್ಮ ಅತ್ತೆ ಈಗ ದಂಡೆಗೆ ಬರುವುದೇ ಇಲ್ಲವಲ್ಲ, ಅರ್ಧ ದಾರಿಗೇ ಗುಡಿ ಕಟ್ಟೆ ಮೇಲೆ ಕೂತು ಹಿಂದಿರುಗುತ್ತಾರೆ, ಚಳಿಯೇನೋ ಎಂದಳು. ಅರುಣಾ ಹೂಂ ಎಂದು ಬಸ್ಸು ಹತ್ತಿದಳು. ಬಸ್ಸು ಹೊರಟ ಮೇಲೆ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಒಳಗೊಳಗೇ ಇಳಿಯತೊಡಗಿತು. ಅತ್ತೆ ಚಳಿಗೆ ಹೆದರುವ ಹೆಂಗಸಲ್ಲ.

ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ, ಹಾಡು ಹಚ್ಚಿ, ಅವಳು ಕಂಬದ ಮರೆಗೆ ಹೋಗಿ ಫೋನು ತೆಗೆದಳು. ಬಡಿತದ ಲೆಕ್ಕ ಎಂದಿನಂತೆ ಕುಣಿಯುತ್ತಿತ್ತು, ಅದನ್ನು ನಂಬುವಂತಿರಲಿಲ್ಲ. ಆದರೆ ವಾಚು ಹೆಜ್ಜೆಗಳನ್ನೂ ಎಣಿಸುತ್ತದೆ, ಹೆಜ್ಜೆ ಎಣಿಸಲು ಅದಕ್ಕೆ ಬೆಳಕು ಬೇಡ, ಕೈ ಬೀಸಿದರೆ ಸಾಕು. ಹಚ್ಚೆ ಅದನ್ನೇನೂ ಮಾಡಲಾರದು. ನೋಡಿದರೆ ಹೆಜ್ಜೆ ಸೋಮವಾರವೇ ಅರ್ಧಕ್ಕೆ ಇಳಿದಿತ್ತು. ಬುಧವಾರ ಅದಕ್ಕೂ ಅರ್ಧ. ಇವತ್ತು ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋಗಿಬಂದಷ್ಟೇ.

ಅರುಣಾ ಅಲ್ಲಿಂದಲೇ ಅತ್ತೆಗೆ ಫೋನು ಮಾಡಿದಳು. ಸಾವಂತ್ರಮ್ಮ ಚೆನ್ನಾಗಿದ್ದೀನಿ ಎಂದಳು, ಅವರೆಕಾಯಿ ಸುಲಿಯುತ್ತಿದ್ದೀನಿ ಎಂದಳು. ಆದರೆ ಎರಡು ಮಾತಿನ ನಡುವೆ ಒಂದು ಉಸಿರು ಬೇಕಾಗುತ್ತಿತ್ತು, ಮೆಟ್ಟಿಲು ಹತ್ತಿ ಬಂದವಳಂತೆ. ಅವರೆಕಾಯಿ ಸುಲಿಯುವುದಕ್ಕೆ ಯಾರಿಗೂ ಏದುಸಿರು ಬರುವುದಿಲ್ಲ.

ಕಲ್ಲೇಶ್ ಅಡಿಕೆ ಮಾರಲು ಚನ್ನಗಿರಿಗೆ ಹೋಗಿದ್ದ. ಫೋನಿನಲ್ಲಿ ಅವನ ಹಿಂದೆ ಮಂಡಿಯ ಗದ್ದಲ ಕೇಳುತ್ತಿತ್ತು. ಅವಳ ಮಾತನ್ನು ಪೂರ್ತಿ ಕೇಳುವ ಮೊದಲೇ ಅವನು ಯಾವ ಕೈ ಎಂದ. ಎಡಗೈ ಎಂದಳು. ಹಂಗಾದ್ರೆ ಬಿಡು ಎಂದ. ಹೆಜ್ಜೆಯ ವಿಷಯ ಹೇಳಲು ಹೋದಳು. ವಯಸ್ಸಾದವರು ಒಂದು ದಿನ ನಡೀತಾರೆ, ಒಂದು ದಿನ ಬಿಡ್ತಾರೆ, ಮತ್ತೆ ಓಣಿ ಸೇರಿಸಬೇಡ ಎಂದು ಫೋನಿಟ್ಟ.

ಅವಳು ಕಂಬಕ್ಕೆ ಒರಗಿ ನಿಂತಳು. ಒಳಗೆ ಹಾಡು ಮುಗಿದು ಮಕ್ಕಳು ಗದ್ದಲ ಎಬ್ಬಿಸಿದ್ದರು. ಈಗ ಹೋಗಿ, ಅಲ್ಲಿ ಏನೂ ಇಲ್ಲದಿದ್ದರೆ ಮೂರನೇ ಸಲದ ನಗು. ಗಂಡನ ಮಾತು ನಿಜವಾದರೆ ಈ ಶಾಲೆ, ಈ ಗದ್ದಲ, ಎಲ್ಲವೂ ಇವತ್ತಿಗೇ ಕೊನೆ. ಸಂಜೆವರೆಗೆ ಕಾದರೆ ಯಾರೂ ಏನೂ ಅನ್ನುವುದಿಲ್ಲ. ಸಂಜೆ ನೋಡೋಣ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ಕ್ಷಣ ಜಗಳೂರಿನ ಆ ಮನೆ ನೆನಪಾಗಿ ರಜೆ ಕೇಳಲು ಒಳಗೆ ನಡೆದಳು. ಹೆಡ್‌ಮಿಸ್ ಮುಖ ಸಿಂಡರಿಸಿಕೊಂಡೇ ರಜೆ ಕೊಟ್ಟರು. ಹಬ್ಬದ ಹೊತ್ತಲ್ಲಿ ಅಡುಗೆಯವಳು ಕೈಕೊಟ್ಟ ಹಾಗಾಯ್ತು ಎಂದು ಅಂದೂಬಿಟ್ಟರು. ಅರುಣಾ ಕೇಳಿಸಿಕೊಂಡು ಹೊರಬಿದ್ದಳು.

ಹೊನ್ನಾಳಿಯ ಬಸ್ಸು ಅವತ್ತೇ ಎಲ್ಲ ಊರಿನ ಮುಂದೆ ನಿಲ್ಲಬೇಕೆ. ಒಬ್ಬಳು ಕೋಳಿ ಹಿಡಿದು ಹತ್ತಿದಳು, ಒಬ್ಬ ಗೊಬ್ಬರದ ಚೀಲ ಇಳಿಸಿದ. ಅರುಣಾ ಮನೆಗೆ ಎರಡು ಸಲ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಮಲಗಿರಬಹುದು. ಹಿತ್ತಿಲಲ್ಲಿರಬಹುದು. ಇರಬಹುದು ಎಂಬ ಮಾತಿಗೆ ಕೊನೆಯೇ ಇಲ್ಲ, ಸಮಾಧಾನವೂ ಇಲ್ಲ.

ಸಾವಂತ್ರಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಮುಂದಿನ ಮೊರದಲ್ಲಿ ಅವರೆಕಾಯಿ ಹಾಗೇ ಇತ್ತು, ಒಂದು ಹಿಡಿಯೂ ಸುಲಿದಿರಲಿಲ್ಲ. ಸೊಸೆಯನ್ನು ಕಂಡು ಅವಳ ಮುಖದಲ್ಲಿ ಮೂಡಿದ್ದು ಸಂತೋಷವಲ್ಲ, ಸಿಕ್ಕಿಬಿದ್ದವರ ಗಾಬರಿ.

"ಇಷ್ಟು ಬೇಗ ಯಾಕ್ ಬಂದೆ? ಎಡಗೈಯಾಗೇ ಐತೆ ನೋಡು," ಎನ್ನುತ್ತ, ಸೊಸೆ ಕೇಳುವ ಮೊದಲೇ ಕೈ ಮುಂದೆ ಚಾಚಿದಳು.

ಅರುಣಾ ಪಕ್ಕದಲ್ಲಿ ಕೂತು ಎಡಗೈಯಿಂದ ವಾಚು ಬಿಚ್ಚಿದಳು. ಸಾವಂತ್ರಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅರುಣಾ ಅದನ್ನು ಹಿಡಿದು ಹೊರತೆಗೆದಳು. ತುರಿಸಿದ ಗುರುತಿಲ್ಲ, ಕೆಂಪಿಲ್ಲ, ಕೈ ತಣ್ಣಗೆ ಒದ್ದೆಯಾಗಿತ್ತು. ವಾಚು ಕಟ್ಟಿದಳು. ಹಸಿರು ದೀಪ ಮಿಣುಕಿತು. ಲೆಕ್ಕ ಹಿಡಿಯಲು ವಾಚಿಗೆ ತುಸು ಹೊತ್ತು ಬೇಕು. ಅಷ್ಟು ಹೊತ್ತೂ ಅತ್ತೆ ಸೊಸೆ ಇಬ್ಬರೂ ಆ ಸಣ್ಣ ಗಾಜನ್ನೇ ನೋಡುತ್ತ ಕೂತರು. ನೂರ ನಲವತ್ತೆಂಟು ಎಂದಿತು. ನೂರ ನಲವತ್ತಾರು. ನೂರ ಐವತ್ತೊಂದು. ಕುಣಿತವಿಲ್ಲ, ಹುಚ್ಚಾಟವಿಲ್ಲ, ಅಲ್ಲೇ ನಿಂತುಬಿಟ್ಟಿತು.

"ಏಳ್ರಿ ಅತ್ತೆ," ಎಂದಳು ಅರುಣಾ. ತನ್ನ ದನಿ ಇಷ್ಟು ಸಣ್ಣದಾಗಬಲ್ಲದೆಂದು ಅವಳಿಗೆ ಗೊತ್ತಿರಲಿಲ್ಲ.

ಪ್ರಮೀಳಾಳ ಗಂಡ ಆಟೋ ತಂದ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಚೈತ್ರಶ್ರೀ ಎಂಬ ಎಳೆ ವಯಸ್ಸಿನ ಹೆಣ್ಣುಮಗಳು ಇಸಿಜಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಡಿತ ತಾಳ ತಪ್ಪಿ ಓಡುತ್ತಿದೆ, ಯಾವಾಗಿನಿಂದ ಹೀಗಾಗುತ್ತಿದೆ ಎಂದು ಕೇಳಿದಳು. ಅರುಣಾ ಇವತ್ತಿನಿಂದ ಎಂದಳು. ಡಾಕ್ಟರು ಹಾಳೆ ಕೆಳಗಿಟ್ಟು ಸಾವಂತ್ರಮ್ಮನ ಹತ್ತಿರ ಬಾಗಿ, ನೀವೇ ಹೇಳಿ ಅಮ್ಮ, ಇದು ಬಹಳ ಮುಖ್ಯ ಎಂದಳು.

ಸಾವಂತ್ರಮ್ಮ ಸೊಸೆಯ ಕಡೆ ನೋಡಿದಳು. "ಸೋಮವಾರದಿಂದ," ಎಂದಳು. "ಬೆಳಿಗ್ಗೆ ಎದ್ದಾಗ ಎದೆಯಾಗೆ ಹಕ್ಕಿ ರೆಕ್ಕೆ ಬಡಿದಂಗಾತು. ಬಲಗೈಯಾಗೆ ನೋಡ್ಕೊಂಡೆ. ನೂರ ನಲವತ್ತು ಇತ್ತು. ಆಮ್ಯಾಲೆ ಎಡಗೈಗೆ ಕಟ್ಕೊಂಡೆ."

ಸೋಮವಾರದಿಂದ ಆ ವಾಚು ದಿನವಿಡೀ ಕೂಗಿತ್ತು. ಕಲ್ಲೇಶ್ ಕೇಳಲಿಲ್ಲ, ಓಣಿ ಕೇಳಲಿಲ್ಲ ಅನ್ನುವುದೆಲ್ಲ ಆಮೇಲಿನ ಮಾತು. ಸದ್ದು ಆರಿಸಿದವಳು ಅರುಣಾ, ಚೇಳು ಕುಣೀತೈತೆ ಎಂದು ನಕ್ಕವಳೂ ಅವಳೇ. ನಾಳೆ ಅನ್ನಬಾರದು ಎಂದು ಜಪ ಮಾಡಿದವಳು ಮೂರು ನಾಳೆಗಳನ್ನು ನಗುತ್ತ ಕಳೆದಿದ್ದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎರಡು ದಿನದೊಳಗೆ ಬಂದಿದ್ದರೆ ತಾಳ ಸರಿಮಾಡುವುದು ಸುಲಭವಿತ್ತು, ಇಷ್ಟು ದಿನ ಬಡಿತ ಕೆಟ್ಟರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟುವ ಭಯವಿದೆ, ಆ ಹೆಪ್ಪು ಮೆದುಳಿಗೆ ಹೋದರೆ ಕಷ್ಟ ಎಂದು ಸಮಾಧಾನದ ದನಿಯಲ್ಲಿ ಹೇಳಿದಳು. ರಕ್ತ ತೆಳುವಾಗುವ ಇಂಜೆಕ್ಷನ್ ಕೊಟ್ಟು, ಶಿವಮೊಗ್ಗಕ್ಕೆ ಫೋನು ಮಾಡಿ, ಆಂಬುಲೆನ್ಸ್ ಹತ್ತಿಸಿದಳು. ದಾರಿಯುದ್ದಕ್ಕೂ ಇವರನ್ನು ಮಾತಾಡಿಸುತ್ತಿರಿ, ಆಗಾಗ ನಿಮ್ಮ ಎರಡೂ ಕೈಗಳನ್ನು ಹಿಡಿದು ಹಿಚುಕಲು ಹೇಳಿ, ಒಂದು ಕೈ ಸಡಿಲವಾದರೆ, ಮಾತು ತೊದಲಿದರೆ ತಕ್ಷಣ ನರ್ಸಿಗೆ ಹೇಳಿ ಎಂದು ಅರುಣಾಳಿಗೆ ಎರಡೆರಡು ಸಲ ಹೇಳಿದಳು.

ವಿಷಯ ಕೇಳಿದ ಕಲ್ಲೇಶ್ ಚನ್ನಗಿರಿಯಿಂದ ನೇರ ಶಿವಮೊಗ್ಗಕ್ಕೆ ಹೊರಟಿದ್ದ. ಗಾಡಿ ಹೊನ್ನಾಳಿ ದಾಟಿತು. ನರ್ಸು ಬಾಟಲಿ ನೋಡುತ್ತ ತಲೆಯ ಕಡೆ ಕೂತಿದ್ದಳು. ಅರುಣಾ ಅತ್ತೆಯ ಎರಡೂ ಕೈ ಹಿಡಿದು ಎದುರಿಗೆ ಕೂತಳು. ಏನು ಮಾತಾಡಿಸಬೇಕೆಂದು ತೋಚದೆ, ಯಾಕೆ ಹೇಳಲಿಲ್ಲ ಎಂಬ ಒಂದೇ ಮಾತನ್ನು ಕೇಳಿದಳು.

"ನನಗೇನ್ ತಿಳೀತೈತೆ ತಾಯಿ, ಬಿಡ್ತೈತೆ ಅಂದ್ಕೊಂಡೆ," ಎಂದಳು ಸಾವಂತ್ರಮ್ಮ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ಅವತ್ತು ಎಲ್ರ ಮುಂದೆ ಅವ್ನು ನಿನ್ನ ಬೈದ. ಸಾಲಿ ಬಿಡು ಅಂದ. ನಿನ್ನ ಮಕ್ಳ ಕುಣಿತ ಮುಗೀಲಿ ಅಂತ ಇದ್ದೆ. ಹಚ್ಚೆ ಮ್ಯಾಲೆ ಕಟ್ಟಿದ್ರೆ ಹಚ್ಚೆಗೆ ಬೈತಾರೆ, ನಿನಗ್ಯಾರೂ ಬೈಯಲ್ಲ ಅಂತ."

ತಾನೂ ನಕ್ಕೆನೆಂದು, ಸದ್ದು ತೆಗೆದಿದ್ದೇ ತಾನೆಂದು ಅರುಣಾಳಿಗೆ ಹೇಳಬೇಕೆನಿಸಿತು. ಅದನ್ನು ಹೇಳಿ ಹಗುರಾಗುವ ಹೊತ್ತು ಇದಲ್ಲ. ಹಿಡೀರಿ ಅತ್ತೆ ಎಂದಳು. ಹಿಡಿದಳು. ಬಲಗೈಯ ಹಿಡಿತ ಕೊಂಚ ಕಡಿಮೆಯೇ? ಇಲ್ಲ, ಗಾಡಿಯ ಕುಲುಕಾಟ. ಇನ್ನೊಂದು ಸಲ ಹಿಡೀರಿ ಎಂದಳು. ಈಗ ಎಡಗೈ ಕಡಿಮೆಯೆನಿಸಿತು. ನಡುಗುತ್ತಿರುವುದು ಅತ್ತೆಯ ಕೈಯೋ ತನ್ನದೋ ತಿಳಿಯಲಿಲ್ಲ. ನರ್ಸು ತಿರುಗಿ ನೋಡಿದಳು. ಮತ್ತೊಮ್ಮೆ ಹಿಡೀರಿ ಎನ್ನುವಾಗ ಅರುಣಾಳ ಕಣ್ಣಿಂದ ನೀರು ತೊಟ್ಟಿಕ್ಕಿತು.

ಸಾವಂತ್ರಮ್ಮ ಈ ಸಲ ರೊಟ್ಟಿ ಹಿಟ್ಟು ನಾದುವ ಜೋರಿನಲ್ಲಿ ಹಿಡಿದಳು. ಅರುಣಾಳ ಬೆರಳೆಲ್ಲ ಒತ್ತಿಹೋದವು, ಎರಡೂ ಕೈಯವು.

"ಬಿಗಿ ಐತಾ?"

"ಐತೆ ಅತ್ತೆ."

"ಹಂಗಾದ್ರೆ ಅಳಬ್ಯಾಡ. ನೀನು ಅತ್ರೆ ನಂಗೂ ಅಳು ಬರ್ತೈತೆ. ಅಳ್ತಾ ಮಾತಾಡಿದ್ರೆ ತೊದಲ್ತೈತೆ, ಆ ನರ್ಸಮ್ಮ ತಪ್ಪು ತಿಳ್ಕೊಂತಾಳೆ."

ಅರುಣಾ ಅಳು ನುಂಗಿದಳು. ಕೆನ್ನೆ ಒರೆಸಿಕೊಳ್ಳಲು ಒಂದು ಕೈಯನ್ನಾದರೂ ಬಿಡಿಸಿಕೊಳ್ಳಬೇಕಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.